ಪಿತ್ತಕ್ಕೆ ಬೈಯಬೇಡಿ, ಅದರ ದಾರಿ ನೋಡಿ

ನಮ್ಮ ಕೊಪ್ಪಳ, ರಾಯಚೂರು ಕಡೆ ಎಲ್ಲದಕ್ಕೂ ಪಿತ್ತವೇ ಕಾರಣ. ತಲೆ ತಿರುಗಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ. ಹೋದ ವರ್ಷ ಕುಷ್ಟಗಿಯಲ್ಲಿರುವ ನಮ್ಮ ದೊಡ್ಡಪ್ಪನ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ "ಕೆಟ್ಟ" ಕೊಲೆಸ್ಟರಾಲ್, 172 ಎಂದು ಹೆಚ್ಚೇ ಬಂತು. ಚೀಟಿ ನೋಡಿ ಅವರು ಅಂದದ್ದೂ ಅದನ್ನೇ: "ಪಿತ್ತ ಹೆಚ್ಚಾಗೇತಿ ತಮ್ಮಾ. ಒಮ್ಮೆ ಇಳಿಸಿಕೊಂಡ್ರ ಎಲ್ಲಾ ಸರಿ ಆಗ್ತೈತಿ." ಪಿತ್ತ ಇಳಿಸುವವರ ಕಷಾಯ ಕುಡಿದು ಎರಡು ದಿನ ಭೇದಿ ಮಾಡಿಕೊಂಡು ಸುಸ್ತಾದರು. ಕೊಲೆಸ್ಟರಾಲ್ ಎಲ್ಲಿತ್ತೋ ಅಲ್ಲೇ ಇತ್ತು.

ಆದರೆ ಅವರ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ರಕ್ತದ ಕೊಲೆಸ್ಟರಾಲಿಗೂ ಪಿತ್ತರಸಕ್ಕೂ ನಿಜವಾಗಿಯೇ ಒಂದು ನಂಟಿದೆ. ಮಾಂಸ, ಹಾಲು, ತುಪ್ಪ ಬಿಟ್ಟು ಕಾಳು, ರೊಟ್ಟಿ, ಸೊಪ್ಪು ತಿನ್ನುವವರ ರಕ್ತನಾಳ ಯಾಕೆ ಚೊಕ್ಕಟವಾಗಿರುತ್ತದೆ ಎಂಬ ಪ್ರಶ್ನೆಗೆ ನನಗೆ ಎಲ್ಲಕ್ಕಿಂತ ಹಿಡಿಸಿದ ಉತ್ತರ ಆ ನಂಟಿನಲ್ಲೇ ಇದೆ.

ನಮ್ಮ ದೇಹ ಸಕ್ಕರೆಯನ್ನು ಸುಡುತ್ತದೆ, ಕೊಬ್ಬನ್ನು ಸುಡುತ್ತದೆ, ಕೊಲೆಸ್ಟರಾಲನ್ನು ಮಾತ್ರ ಸುಡಲಾರದು. ಆ ಅಣುವಿನ ಉಂಗುರಗಳನ್ನು ಒಡೆಯುವ ಉಪಾಯ ಮನುಷ್ಯನ ಜೀವಕೋಶಕ್ಕಿಲ್ಲ. ಹಾಗಾಗಿ ಅದು ಹೊರಗೇ ಹೋಗಬೇಕು, ಹೋಗುವ ಮುಖ್ಯ ದಾರಿ ಪಿತ್ತರಸ. ಪಿತ್ತಜನಕಾಂಗ, ಅಂದರೆ ಲಿವರ್, ಕೊಲೆಸ್ಟರಾಲಿನಿಂದಲೇ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಊಟವಾದ ಮೇಲೆ ಅವು ಕರುಳಿಗಿಳಿದು, ಜಿಡ್ಡು ಹಿಡಿದ ಬೋಗುಣಿಯನ್ನು ಸೀಗೆಪುಡಿ ತಿಕ್ಕಿ ಬಿಡಿಸಿದಂತೆ, ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತವೆ.

ಕೆಲಸ ಮುಗಿದ ಮೇಲೆ ಅವು ಹೊರಗೆ ಹೋಗಿಬಿಡುತ್ತವೆಯೇ? ಇಲ್ಲ. ಬೆಳಿಗ್ಗೆ ಹಟ್ಟಿಯಿಂದ 100 ಕುರಿ ಮೇಯಲು ಹೋದರೆ ಸಂಜೆಗೆ 95 ಮರಳಿ ಬರುತ್ತವಲ್ಲ, ಹಾಗೆ. ಸಣ್ಣಕರುಳಿನ ಕಟ್ಟಕಡೆಯ ಭಾಗದಲ್ಲಿ ಶೇ 95ರಷ್ಟು ಪಿತ್ತಾಮ್ಲವನ್ನು ದೇಹ ವಾಪಸ್ ಹೀರಿಕೊಂಡು ಲಿವರಿಗೆ ಕಳಿಸುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕೊನೆಯಂಚಿನ ರೈತನಿಗೆ ಮುಟ್ಟುವುದೇ ಕಷ್ಟ. ಕರುಳಿನ ಕಾಲುವೆಯಲ್ಲಿ ಕೊನೆಯಂಚಿನಲ್ಲೇ ಎಲ್ಲ ವಸೂಲಿ ನಡೆಯುತ್ತದೆ. ಬರೀ ಕೆಲವು ಗ್ರಾಂ ಪಿತ್ತಾಮ್ಲ ದಿನಕ್ಕೆ ಹಲವು ಸಲ ಹೀಗೆ ಸುತ್ತು ಹೊಡೆಯುತ್ತದೆ. ಕುಷ್ಟಗಿಗೂ ಕೊಪ್ಪಳಕ್ಕೂ ಮಧ್ಯೆ ಒಂದೇ ಬಸ್ಸು ದಿನವಿಡೀ ಓಡಾಡಿದಂತೆ.

ಇಲ್ಲಿಗೆ ನಾರು ಬರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಗಸಿ ಹಾಕಿ ಅರ್ಧ ಗಂಟೆ ಬಿಟ್ಟು ಬೆರಳಿನಿಂದ ಮುಟ್ಟಿ ನೋಡಿ. ಲೋಳೆ ಲೋಳೆಯಾಗಿ ಜಿಗುಟುತ್ತದೆ. ಬೆಂಡೆಕಾಯಿಯ ಲೋಳೆ, ನೆನೆಸಿದ ಮೆಂತ್ಯದ ಜಿಗುಟು, ಚವಳಿಕಾಯಿ ಬೀಜದ ಅಂಟು ಎಲ್ಲವೂ ಅದೇ ಜಾತಿಯವು, ನೀರಿನಲ್ಲಿ ಕರಗುವ ನಾರು. ಕರುಳಿನೊಳಗೆ ಈ ಲೋಳೆ ಪಿತ್ತಾಮ್ಲಗಳನ್ನು ತನ್ನೊಳಗೆ ಸಿಕ್ಕಿಸಿಕೊಳ್ಳುತ್ತದೆ, ಜಾಲಿ ಪೊದೆಯಲ್ಲಿ ಕುರಿಯ ಉಣ್ಣೆ ಸಿಕ್ಕಂತೆ. ಸಿಕ್ಕ ಕುರಿ ಹಟ್ಟಿಗೆ ಮರಳುವುದಿಲ್ಲ, ಬೆಳಿಗ್ಗೆ ದೇಹದಿಂದ ಹೊರಗೆ ಹೋಗುತ್ತದೆ.

ಆಗ ಲಿವರಿಗೆ ಕೊರತೆ ಬೀಳುತ್ತದೆ. ಹೊಸ ಪಿತ್ತಾಮ್ಲ ಮಾಡಬೇಕು, ಅದಕ್ಕೆ ಕೊಲೆಸ್ಟರಾಲ್ ಬೇಕು. ದಾಸ್ತಾನು ಖಾಲಿಯಾದ ಅಡತಿ ವ್ಯಾಪಾರಿ ಗಂಜ್‌ನ ಬಾಗಿಲಿಗೇ ಆಳು ನಿಲ್ಲಿಸಿ ಬಂದ ಗಾಡಿಗಳನ್ನೆಲ್ಲ ಒಳಗೆಳೆದುಕೊಳ್ಳುತ್ತಾನಲ್ಲ, ಹಾಗೆ ಲಿವರಿನ ಕೋಶಗಳು ತಮ್ಮ ಮೈಮೇಲೆ ಹೆಚ್ಚೆಚ್ಚು ಎಲ್‌ಡಿಎಲ್ ಗ್ರಾಹಕಗಳನ್ನು, ಅಂದರೆ ರಿಸೆಪ್ಟರ್‌ಗಳನ್ನು, ಮೂಡಿಸುತ್ತವೆ. ರಕ್ತದಲ್ಲಿ ತೇಲುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆಯುವುದು ಇವೇ. ಇವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಪಿತ್ತಾಮ್ಲವನ್ನು ಕರುಳಿನಲ್ಲೇ ಹಿಡಿದಿಡುವ ಕೊಲೆಸ್ಟೈರಮಿನ್ ಎಂಬ ಔಷಧವನ್ನು ಅಮೆರಿಕದಲ್ಲಿ 3,806 ಗಂಡಸರ ಮೇಲೆ ಪರೀಕ್ಷಿಸಿದ ಫಲಿತಾಂಶ 1984ರಲ್ಲಿ ಹೊರಬಿತ್ತು: ಹೃದಯಾಘಾತ ಮತ್ತು ಅದರಿಂದಾದ ಸಾವು ಶೇ 19ರಷ್ಟು ಕಡಿಮೆ. ಅಗಸಿಯ ಲೋಳೆ ಆ ಔಷಧದಷ್ಟು ಬಲವಾದದ್ದಲ್ಲ. ಕರಗುವ ನಾರಿನಿಂದ ಎಲ್‌ಡಿಎಲ್ ಇಳಿಯುವುದು ಸಾಮಾನ್ಯವಾಗಿ ಶೇ 5ರಿಂದ 10ರಷ್ಟು. ಆದರೆ ಇಬ್ಬರೂ ಬಡಿಯುವುದು ಒಂದೇ ಬಾಗಿಲು.

ಈಗ ತುಪ್ಪದ ಕಡೆ ನೋಡಿ. ತುಪ್ಪ, ಕೆನೆ, ಕುರಿಯ ಕೊಬ್ಬಿನಲ್ಲಿರುವ ಸಂತೃಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್) ಇದಕ್ಕೆ ಸರಿಯಾಗಿ ಉಲ್ಟಾ ಕೆಲಸ ಮಾಡುತ್ತದೆ. ಲಿವರಿನ ಗ್ರಾಹಕಗಳನ್ನೇ ಕಡಿಮೆ ಮಾಡುತ್ತದೆ, ಗಂಜ್‌ನ ಬಾಗಿಲು ಹಾಕಿಸುತ್ತದೆ. ಅದರ ಮೇಲೆ ಮಾಂಸ, ಮೊಟ್ಟೆ, ಹಾಲು ಮೂರರಲ್ಲೂ ನಾರು ಸೊನ್ನೆ. ಕಡಿಮೆ ಅಲ್ಲ, ಸೊನ್ನೆ. "ಮಟನ್ನಿನಾಗ ಎಳಿ ಎಳಿ ನಾರು ಇರ್ತೈತಲ್ಲ?" ಎಂದು ದೊಡ್ಡಪ್ಪ ಕೇಳಿದರು. ಆ ಎಳೆ ಪ್ರೋಟೀನು, ಪೂರ್ತಿ ಜೀರ್ಣವಾಗುತ್ತದೆ. ನಾರು ಎಂದರೆ ಗಿಡದ ಜೀವಕೋಶದ ಗೋಡೆ ಮತ್ತು ಅಂಟು, ಪ್ರಾಣಿಯಲ್ಲಿ ಅದು ಇಲ್ಲ. ಇನ್ನೊಂದು ಕಡೆ, ಎಣ್ಣೆ ಪ್ಯಾಕೆಟ್ಟಿನ ಮೇಲೆ "ಕೊಲೆಸ್ಟರಾಲ್ ಮುಕ್ತ" ಎಂದು ದಪ್ಪಕ್ಷರದಲ್ಲಿ ಬರೆಯುವುದು ನನಗೆ ಸಿಟ್ಟು ತರಿಸುತ್ತದೆ. ಗಿಡದ ಎಣ್ಣೆಯಲ್ಲಿ ಕೊಲೆಸ್ಟರಾಲ್ ಹೆಸರಿಗೂ ಇರುವುದಿಲ್ಲ. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು ಸಂತೃಪ್ತ ಕೊಬ್ಬಿದೆ ಎಂಬುದನ್ನು ಆ ದಪ್ಪಕ್ಷರ ಹೇಳುವುದಿಲ್ಲ. ಅದರಲ್ಲಿ ಕರಿದ ಮಿರ್ಚಿಯೂ ಅದರ ಜೊತೆಗಿನ ಮಂಡಕ್ಕಿ ಒಗ್ಗರಣೆಯೂ ಶುದ್ಧ ಸಸ್ಯಾಹಾರವೇ. ಎರಡು ಪ್ಲೇಟು ತಿಂದು ಪ್ರಾಣಿಮೂಲ ಬಿಟ್ಟೆ ಎಂದರೆ ರಕ್ತನಾಳ ಒಪ್ಪುವುದಿಲ್ಲ.

2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 22 ಜೋಡಿ ತದ್ರೂಪಿ ಅವಳಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಬ್ಬರಿಗೆ ಮಾಂಸವೂ ಇದ್ದ ಒಳ್ಳೆಯ ಊಟ, ಇನ್ನೊಬ್ಬರಿಗೆ ಹಾಲು, ಮೊಟ್ಟೆಯೂ ಇಲ್ಲದ ಸಸ್ಯದ ಊಟ. ಜೀನ್ ಒಂದೇ, ತಟ್ಟೆ ಬೇರೆ. ಎಂಟೇ ವಾರದಲ್ಲಿ ಸಸ್ಯದೂಟದವರ ಸರಾಸರಿ ಎಲ್‌ಡಿಎಲ್ ಸುಮಾರು 111ರಿಂದ 96ಕ್ಕೆ ಇಳಿಯಿತು. ಇನ್ನೊಂದು ಗುಂಪಿನದು ಹೆಚ್ಚು ಕದಲಲಿಲ್ಲ.

ಇದನ್ನೆಲ್ಲ ಹೇಳಿದರೆ "ನಮ್ಮ ಹಿರೇರು ಮಾಂಸ ಮುಟ್ಟತಿದ್ದಿಲ್ಲ" ಎಂದು ಕೆಲವರು ಎದೆಯುಬ್ಬಿಸುತ್ತಾರೆ. ಬಳ್ಳಾರಿಯ ಸಂಗನಕಲ್ಲು ಬೆಟ್ಟಕ್ಕೆ ಹೋಗಿ ನೋಡಿ, ಕುಡತಿನಿಯ ಬೂದಿದಿಬ್ಬ ನೋಡಿ. ಸುಮಾರು 4000 ವರ್ಷ ಹಿಂದಿನ ಆ ಜನ ದನ ಸಾಕಿ ಸಗಣಿ ಸುಟ್ಟ ಬೂದಿಯೇ ದಿಬ್ಬವಾಗಿ ನಿಂತಿದೆ. ಅವರು ದನ, ಕುರಿ ತಿನ್ನುತ್ತಿದ್ದರು, ಎಲುಬು ಸಿಕ್ಕಿವೆ. ಆದರೆ ಸಂಗನಕಲ್ಲಿನಂಥ ನೆಲೆಗಳ ಮಣ್ಣನ್ನು ನೀರಲ್ಲಿ ತೇಲಿಸಿ ಸೋಸಿದಾಗ ಕರಕಲಾದ ಹುರಳಿ, ಹೆಸರು, ಕೊರಲೆಯ ಕಾಳೂ ಸಿಕ್ಕವು. ಜೋಳ ಆಫ್ರಿಕಾದಿಂದ ಆಮೇಲೆ ಬಂತು. ಅಂದರೆ ಹುರಳಿ, ಹೆಸರು ನಮ್ಮ ಜೋಳಕ್ಕಿಂತ ಹಳೆಯ ನೆಂಟರು. ಹಿರಿಯರನ್ನು ಜಾತಿಯ ಹೆಮ್ಮೆಗೆ ಎಳೆದು ತರುವ ಬದಲು ಅವರ ಒಲೆಯ ಕಾಳನ್ನು ತಂದರೆ ನನಗೆ ಖುಷಿ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದು ಗಂಗಾವತಿ, ಸಿಂಧನೂರಿನ ಹೊಲಗಳು ಗದ್ದೆಯಾದವು, ಮೂರು ಹೊತ್ತೂ ಬಿಳಿ ಅನ್ನ ಬಂತು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. 2021ರ ಡಿಸೆಂಬರ್‌ನಲ್ಲಿ ಈ ಭಾಗದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ದೊಡ್ಡ ಗಲಾಟೆಯಾಯಿತು. ಹಸಿದ ಮಗುವಿನ ತಟ್ಟೆಯ ಮೊಟ್ಟೆಯ ಮೇಲೆ ನನ್ನ ವಾದ ಇಲ್ಲ. ನಾನು ಹೇಳುತ್ತಿರುವುದು ಹೊಟ್ಟೆ ತುಂಬಿದ, ಸೊಂಟ ದಪ್ಪಗಾದ ನಮ್ಮಂಥವರಿಗೆ.

ಪ್ರಾಣಿಮೂಲದ್ದೆಲ್ಲ ಬಿಡುವವರು ವಿಟಮಿನ್ ಬಿ12 ವಿಷಯದಲ್ಲಿ ಹಟ ಮಾಡಬಾರದು. ಅದನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ, ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳಷ್ಟೇ ಮಾಡುತ್ತವೆ. ಸ್ಪಿರುಲಿನಾ ಎಂಬ ಪಾಚಿಪುಡಿಯಲ್ಲಿದೆ ಎಂಬ ಪ್ರಚಾರ ನಂಬಬೇಡಿ, ಅಲ್ಲಿರುವುದರಲ್ಲಿ ಹೆಚ್ಚಿನದು ನಮ್ಮ ದೇಹಕ್ಕೆ ಒದಗದ ರೂಪ. ಲಿವರಿನ ದಾಸ್ತಾನು ಕೆಲವು ವರ್ಷ ನಡೆಸುತ್ತದೆ. ಆಮೇಲೆ ಕೈಕಾಲು ಜುಮುಗುಟ್ಟುತ್ತವೆ, ಮರೆವು ಬರುತ್ತದೆ, ತಡವಾದರೆ ನರ ಪೂರ್ತಿ ಸರಿಹೋಗದು. ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಅಷ್ಟೇ. ಗುಳಿಗೆ ನುಂಗಿ. ಎಲುಬಿನ ಲೆಕ್ಕವೂ ಇದೆ: ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ವೀಗನ್ನರಿಗೆ, ಅಂದರೆ ಪ್ರಾಣಿಮೂಲದ್ದೆಲ್ಲ ಬಿಟ್ಟವರಿಗೆ, ಮೂಳೆ ಮುರಿತ ಹೆಚ್ಚು ಕಂಡಿತು. ಹಾಲು ಬಿಟ್ಟವರ ತಟ್ಟೆಯಲ್ಲಿ ಎಳ್ಳು, ನುಗ್ಗೆಸೊಪ್ಪು, ಕಾಳು ದಿನವೂ ಇರಬೇಕು.

ದೊಡ್ಡಪ್ಪ ಕೊಲೆಸ್ಟರಾಲ್ ಇಳಿಸಲು ಡಾಕ್ಟರು ಕೊಟ್ಟ ಗುಳಿಗೆ ಬಿಡಲಿಲ್ಲ, ನಾನು ಬಿಡಗೊಡಲಿಲ್ಲ. ತುಪ್ಪ, ಮಟನ್ ಬಿಟ್ಟರು. ಚಹಾದ ಹಾಲಿಗಾಗಿ ಒಂದು ತಿಂಗಳು ಜಗಳವಾಡಿ ಕೊನೆಗೆ ನಿಂಬೆಹಣ್ಣಿನ ಚಹಾಕ್ಕೆ ಒಗ್ಗಿಕೊಂಡರು. ಮೂರು ತಿಂಗಳಿಗೆ ಎಲ್‌ಡಿಎಲ್ 118. ಅದರಲ್ಲಿ ಗುಳಿಗೆಯ ಪಾಲೇ ದೊಡ್ಡದು, ಒಬ್ಬರ ಚೀಟಿಯಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಅವರು ಅಗಸಿಯನ್ನು ಇಡಿಯಾಗಿ ನೀರಿನ ಜೊತೆ ನುಂಗುತ್ತಿದ್ದರು. ಲೋಳೆ ಸಿಪ್ಪೆಯಲ್ಲಿದೆ, ಅದು ಸಿಗುತ್ತದೆ. ಒಳಗಿನ ಒಮೆಗಾ-3 ಎಣ್ಣೆ ಮಾತ್ರ ಕಾಳಿನ ಜೊತೆ ಹಾಗೇ ಹೊರಗೆ ಹೋಗುತ್ತದೆ. ಇದನ್ನು ನಾನು ವಿವರಿಸಲು ಕೂತಾಗ ದೊಡ್ಡವ್ವ ಡಬ್ಬಿ ಕಸಿದುಕೊಂಡು ಒಳಗೆ ಹೋದರು. ಹುರಿದ ವಾಸನೆ ಬಂತು, ಬಳ್ಳೊಳ್ಳಿ, ಒಣ ಮೆಣಸಿನಕಾಯಿ, ಉಪ್ಪು ಬಿದ್ದ ಒರಳಿನ ಸದ್ದು ಬಂತು. "ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿ ತಿನ್ರಿ ಅಂತ ಮೊದಲ ಹೇಳಿದ್ದೆ," ಎಂದು ಒಳಗಿನಿಂದಲೇ ಕೂಗಿದರು.