ಓಡುತ್ತದೆ ಸರಿ, ಇಂಗ್ಲಿಷ್ ಇದೆಯೇ? ಹೊರದೇಶದ ಗೇಮ್ ಕೊಳ್ಳುವವರಿಗೆ ಟಿಪ್ಪಣಿ

ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ಜಪಾನಿಗೆ ಹೊರಟಿದ್ದರು. ನನ್ನ ಸ್ವಿಚ್‌ಗೆ (ನಿಂಟೆಂಡೊ ಕಂಪನಿಯ ಗೇಮ್ ಯಂತ್ರ) ಒಂದು ಗೇಮ್ ತಂದುಕೊಡಿ ಎಂದು ಕೇಳಿಕೊಂಡೆ. ಅವರು ಅಂಗಡಿಯಲ್ಲಿ ನಿಂತು ಫೋನ್ ಮಾಡಿದಾಗ ನಾನು ವಿಚಾರಿಸಲು ಹೇಳಿದ್ದು ಒಂದೇ ಮಾತು: ಇದು ಭಾರತದಲ್ಲಿರುವ ಸ್ವಿಚ್‌ನಲ್ಲಿ ಓಡುತ್ತದೆಯೇ? ಓಡುತ್ತದೆ ಅಂದರಂತೆ ಅಂಗಡಿಯವರು. ಅವರು ಹೇಳಿದ್ದು ನಿಜವೇ ಆಗಿತ್ತು. ಮನೆಗೆ ಬಂದ ಗೇಮ್ ಕಾರ್ಡ್ ಹಾಕಿದ ಕೂಡಲೇ ಓಡಿತು. ಆದರೆ ಮೊದಲ ಮೆನುವಿನಿಂದ ಹಿಡಿದು ಪಾತ್ರಗಳ ಕೊನೆಯ ಮಾತಿನವರೆಗೆ ಎಲ್ಲವೂ ಜಪಾನಿ. ಭಾಷೆ ಬದಲಿಸುವ ಜಾಗವನ್ನು ಎರಡು ದಿನ ಹುಡುಕಿದೆ. ಅಂಥ ಜಾಗವೇ ಅದರಲ್ಲಿ ಇರಲಿಲ್ಲ.

ಓಡುವುದು ಒಂದು, ಅರ್ಥವಾಗುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಕಥೆಯೇ ಜೀವಾಳವಾದ ಈ ಜಪಾನಿ ಆಟಗಳಲ್ಲಿ ಕನ್ನಡದ ಆಯ್ಕೆ ಸಿಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಕಥೆ ದಕ್ಕುವುದು ಇಂಗ್ಲಿಷ್ ಸಾಲುಗಳ ಮೂಲಕ. ಅದಕ್ಕಾಗಿಯೇ ಭಾಷೆಯ ಪ್ರಶ್ನೆಗೆ ಇಲ್ಲಿ ಇಷ್ಟು ಜಾಗ ಕೊಟ್ಟಿದ್ದೇನೆ.

ಮೊದಲು ಬೀಗದ ವಿಷಯ

ಒಂದು ಪ್ರದೇಶದ ಆಟ ಇನ್ನೊಂದು ಪ್ರದೇಶದ ಯಂತ್ರದಲ್ಲಿ ಓಡದಂತೆ ತಡೆಯುವುದೇ ಪ್ರದೇಶದ ಬೀಗ. ಹಳೆಯ ಕಾಲದಲ್ಲಿ ಈ ಬೀಗ ಕಣ್ಣಿಗೇ ಕಾಣುತ್ತಿತ್ತು. ನಿಂಟೆಂಡೊದ ಹಳೆಯ ಯಂತ್ರ ಫ್ಯಾಮಿಕಾಮ್‌ನ ಜಪಾನಿ ಕಾರ್ಟ್ರಿಜ್‌ಗೆ 60 ಪಿನ್, ಅದೇ ಯಂತ್ರ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋದಾಗ ಅದರ ಕಾರ್ಟ್ರಿಜ್‌ಗೆ 72 ಪಿನ್. ಒಂದರದ್ದು ಇನ್ನೊಂದರಲ್ಲಿ ಕೂರುತ್ತಲೇ ಇರಲಿಲ್ಲ. ಟಿವಿಯದ್ದೂ ಒಂದು ತೊಡಕಿತ್ತು. ಜಪಾನ್ ಮತ್ತು ಅಮೆರಿಕದಲ್ಲಿ 60 ಹರ್ಟ್ಸ್‌ನ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿ, ಯುರೋಪ್‌ನಲ್ಲೂ ನಮ್ಮಲ್ಲೂ 50 ಹರ್ಟ್ಸ್‌ನ ಪಾಲ್. ಅದೇ ಆಟ ಪಾಲ್ ಆವೃತ್ತಿಯಲ್ಲಿ ಎಷ್ಟೋ ಸಲ ನಿಧಾನವಾಗಿ ಓಡುತ್ತಿತ್ತು. ಸೋನಿ ಕಂಪನಿಯ ಮೊದಲ ಎರಡು ಪ್ಲೇಸ್ಟೇಷನ್ (ಪಿಎಸ್) ಯಂತ್ರಗಳಿಗೂ ಪ್ರದೇಶದ ಬೀಗ ಇತ್ತು.

ಪಿಎಸ್ 3 ಬಂದಾಗ ಸೋನಿ ಆ ಬೀಗವನ್ನು ಹೆಚ್ಚುಕಡಿಮೆ ತೆಗೆದುಹಾಕಿತು. ಪಿಎಸ್ 4, ಪಿಎಸ್ 5 ಎರಡರಲ್ಲೂ ಯಾವ ದೇಶದ ಗೇಮ್ ಡಿಸ್ಕ್ ಆದರೂ ಓಡುತ್ತದೆ. ಸಿನಿಮಾ ಡಿಸ್ಕ್‌ಗಳಿಗೆ ಮಾತ್ರ ಹಳೆಯ ಪ್ರದೇಶದ ಲೆಕ್ಕ ಹಾಗೆಯೇ ಉಳಿದಿದೆ, ಅದನ್ನು ಇದರೊಡನೆ ಬೆರೆಸಬೇಡಿ. ನಿಂಟೆಂಡೊ ನಡೆದದ್ದು ಬೇರೆ ದಾರಿ. ಗೇಮ್ ಬಾಯ್‌ಗೆ ಬೀಗ ಇರಲಿಲ್ಲ; 2011ರ 3ಡಿಎಸ್‌ಗೂ 2012ರ ವೀ ಯು ಯಂತ್ರಕ್ಕೂ ಬೀಗ ಬಿತ್ತು; 2017ರ ಮಾರ್ಚ್ 3ರಂದು ಬಂದ ಸ್ವಿಚ್‌ನಲ್ಲಿ ಮತ್ತೆ ತೆರೆಯಿತು. ಹಾಗಾಗಿ ಸೆಕೆಂಡ್ ಹ್ಯಾಂಡ್ 3ಡಿಎಸ್ ಕೊಳ್ಳುವವರು ಮೊದಲು ಅದು ಯಾವ ದೇಶದ ಯಂತ್ರ ಎಂದು ನೋಡಲೇಬೇಕು. ಸ್ವಿಚ್ ಕೊಳ್ಳುವವರಿಗೆ ಆ ಚಿಂತೆ ಇಲ್ಲ. ಚೀನಾದಲ್ಲಿ ಟೆನ್ಸೆಂಟ್ ಕಂಪನಿಯ ಮೂಲಕ ಮಾರಿದ ಕಾರ್ಡ್‌ಗಳನ್ನು ಮಾತ್ರ ಮುಟ್ಟಬೇಡಿ, ಅವು ನಮ್ಮ ಯಂತ್ರದಲ್ಲಿ ಓಡವು.

2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಯಂತ್ರದ್ದೇ ಒಂದು ಎಚ್ಚರಿಕೆ ಇದೆ. ಜಪಾನಿನಲ್ಲಿ ಅದು ಎರಡು ಬಗೆಯಲ್ಲಿ ಬಿಡುಗಡೆಯಾಯಿತು: 49,980 ಯೆನ್‌ಗೆ ಜಪಾನಿ ಭಾಷೆಯದ್ದು, 69,980 ಯೆನ್‌ಗೆ ಹಲವು ಭಾಷೆಗಳದ್ದು. ಅಗ್ಗದ್ದರ ಮೆನು ಜಪಾನಿಯಲ್ಲಿ ಮಾತ್ರ, ಅದಕ್ಕೆ ಜೋಡಿಸುವ ನಿಂಟೆಂಡೊ ಖಾತೆಯ ದೇಶವೂ ಜಪಾನ್ ಆಗಿರಬೇಕು. ಇಪ್ಪತ್ತು ಸಾವಿರ ಯೆನ್ ಉಳಿಯಿತು ಎಂದು ಯಾರಾದರೂ ಅದನ್ನು ಹೊತ್ತು ತಂದರೆ ನಮ್ಮಂಥವರಿಗೆ ಅದು ಹೊಂದುವುದಿಲ್ಲ.

ಇಂಗ್ಲಿಷ್ ಇರುವುದು ಆಟದಲ್ಲಲ್ಲ, ಆವೃತ್ತಿಯಲ್ಲಿ

ಒಂದು ಆಟಕ್ಕೆ ಇಂಗ್ಲಿಷ್ ಇದೆ ಎಂದು ಎಲ್ಲೋ ಓದಿದರೆ ಕೆಲಸ ಮುಗಿಯಲಿಲ್ಲ. ಯಾವ ದೇಶದ ಡಬ್ಬಿಯಲ್ಲಿ ಇದೆ ಎಂದು ತಿಳಿಯಬೇಕು. ಇದು ಮನಸ್ಸಿನಲ್ಲಿ ಕೂರಲು ನಾಲ್ಕು ಉದಾಹರಣೆ ಕೊಡುತ್ತೇನೆ.

ಪೋಕೆಮಾನ್ ಎಲ್ಲಕ್ಕಿಂತ ಸಲೀಸು. 2016ರ ಸನ್ ಮತ್ತು ಮೂನ್‌ನಿಂದ ಈಚೆಗೆ ಮುಖ್ಯ ಸರಣಿಯ ಆಟಗಳಲ್ಲಿ ಕನಿಷ್ಠ ಒಂಬತ್ತು ಭಾಷೆಗಳು ಒಟ್ಟಿಗೇ ಇರುತ್ತವೆ. ಟೋಕಿಯೊದಲ್ಲಿ ಕೊಂಡ ಪೋಕೆಮಾನ್ ಸ್ವೋರ್ಡ್ ಕಾರ್ಡ್‌ನಲ್ಲೂ ಇಂಗ್ಲಿಷ್ ಇದೆ. ಆದರೆ ಆಟ ಶುರುವಾಗುವಾಗ ಭಾಷೆ ಕೇಳುತ್ತದೆ. ಅಲ್ಲಿ ಆರಿಸಿದ್ದೇ ಆ ಸೇವ್‌ನ (ಉಳಿಸಿಟ್ಟ ಆಟದ) ಕೊನೆಯವರೆಗೆ. ಅವಸರದಲ್ಲಿ ಬಟನ್ ಒತ್ತಿ ಜಪಾನಿಯಲ್ಲಿ ಹತ್ತು ಗಂಟೆ ಆಡಿಬಿಟ್ಟರೆ ಮತ್ತೆ ಮೊದಲಿನಿಂದಲೇ ಶುರುಮಾಡಬೇಕು.

ಇದಕ್ಕೆ ತದ್ವಿರುದ್ಧ ಮಾನ್‌ಸ್ಟರ್ ಹಂಟರ್ ಡಬಲ್ ಕ್ರಾಸ್. ಜಪಾನಿನಲ್ಲಿ ಅದು ಸ್ವಿಚ್‌ಗೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಕಾರ್ಡ್ ಎಲ್ಲ ಸ್ವಿಚ್‌ಗಳಲ್ಲೂ ಓಡುತ್ತದೆ, ಇಂಗ್ಲಿಷ್ ಮಾತ್ರ ಇಲ್ಲ. ಅದೇ ಆಟ ಇಂಗ್ಲಿಷ್‌ನಲ್ಲಿ ಬೇರೆಯೇ ಹೆಸರಿನಲ್ಲಿ, ಮಾನ್‌ಸ್ಟರ್ ಹಂಟರ್ ಜನರೇಷನ್ಸ್ ಅಲ್ಟಿಮೇಟ್ ಎಂದು, 2018ರ ಆಗಸ್ಟ್ 28ಕ್ಕೆ ಬಂತು. ಹೆಸರು ಬದಲಾಗಿದೆ ಎಂದರೆ ಕಾರ್ಡ್ ಒಳಗಿನದ್ದೂ ಬದಲಾಗಿರಬಹುದು ಎಂಬ ಗುಮಾನಿ ನಮಗೆ ಬರಬೇಕು.

ಹೆಸರು ಬದಲಾದದ್ದೆಲ್ಲ ಕೈಕೊಡುತ್ತದೆ ಎಂದೂ ಇಲ್ಲ. ವಕೀಲ ಫೀನಿಕ್ಸ್ ರೈಟ್‌ನ ಮೂರು ಆಟಗಳ ಗೊಂಚಲು 2019ರಲ್ಲಿ ಪಶ್ಚಿಮದ ದೇಶಗಳಿಗೆ ಸ್ವಿಚ್‌ನಲ್ಲಿ ಡೌನ್‌ಲೋಡ್ ಆಗಿ ಮಾತ್ರ ಬಂತು. ಜಪಾನಿನಲ್ಲಿ ಬೇರೆ ಹೆಸರಿನಲ್ಲಿ ಕಾರ್ಡ್ ಬಂತು, ಅದರಲ್ಲಿ ಇಂಗ್ಲಿಷ್ ಕೂಡ ಇತ್ತು. ಮುಖಪುಟದಲ್ಲೆಲ್ಲ ಜಪಾನಿ ಅಕ್ಷರ, ಒಳಗೆ ಪೂರ್ತಿ ಇಂಗ್ಲಿಷ್ ವಾದ-ಪ್ರತಿವಾದ. ಮಾತೇ ಆಟವಾಗಿರುವ ಇಂಥದ್ದನ್ನು ಕೈಯಲ್ಲಿ ಹಿಡಿಯುವಂತೆ ಕೊಳ್ಳಬೇಕೆಂದರೆ ಜಪಾನಿನ ಡಬ್ಬಿಗೇ ಕೈಚಾಚಬೇಕಾಗಿತ್ತು.

ನನಗೆ ಬಹಳ ಹಿಡಿಸಿದ್ದು ನಾಲ್ಕನೆಯದು. ಫೈನಲ್ ಫ್ಯಾಂಟಸಿ 10 ಮತ್ತು 10-2 ಜೋಡಿ 2019ರಲ್ಲಿ ಸ್ವಿಚ್‌ಗೆ ಬಂದಾಗ ಪಶ್ಚಿಮದ ಡಬ್ಬಿಯ ಕಾರ್ಡ್‌ನಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಎರಡನೆಯದಕ್ಕೆ ಡೌನ್‌ಲೋಡ್ ಕೋಡ್. ಏಷ್ಯಾದ ಇಂಗ್ಲಿಷ್ ಆವೃತ್ತಿಯಲ್ಲಿ ಎರಡೂ ಕಾರ್ಡ್‌ನಲ್ಲೇ ಇವೆ. ಕೋಡ್ ಒಮ್ಮೆ ಬಳಸಿದರೆ ಮುಗಿಯಿತು, ಸೆಕೆಂಡ್ ಹ್ಯಾಂಡ್ ಡಬ್ಬಿ ಕೊಂಡವರಿಗೆ ಎರಡನೇ ಆಟ ಸಿಗುವುದಿಲ್ಲ. ಕಾರ್ಡ್‌ನಲ್ಲಿದ್ದರೆ ಇಪ್ಪತ್ತು ವರ್ಷದ ಮೇಲೂ ನಮ್ಮ ಮನೆಯ ಮಗುವೊಂದು ಅದನ್ನು ಹಾಕಿ ಆಡಬಹುದು. ತರಿಸುವ ಖರ್ಚು, ಕಾಯುವ ತಾಪತ್ರಯ ಎಲ್ಲ ಯಾಕೆ ಎಂದು ಕೇಳುವವರಿಗೆ ನಾನು ಈ ಕಾರ್ಡ್ ತೋರಿಸುತ್ತೇನೆ.

ಏಷ್ಯಾ ಇಂಗ್ಲಿಷ್ ಎಂದರೇನು

ಜಪಾನಿನ ಕಂಪನಿಗಳು ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾ ಮುಂತಾದ ಕಡೆಗೆಂದು ಬೇರೆಯೇ ಡಬ್ಬಿ ಮುದ್ರಿಸುವುದುಂಟು. ಅಲ್ಲಿನವರು ಇಂಗ್ಲಿಷ್ ಅಥವಾ ಚೀನಿ ಓದುತ್ತಾರೆ. ಹಾಗಾಗಿ ಜಪಾನಿನಿಂದಾಚೆ ಬೇರೆಲ್ಲೂ ಡಿಸ್ಕ್ ಆಗಿ ಬಾರದ ಆಟಗಳೂ ಅಲ್ಲಿ ಇಂಗ್ಲಿಷ್‌ನಲ್ಲಿ ಸಿಗುತ್ತವೆ.

ಇದಕ್ಕೆ ಒಳ್ಳೆಯ ಪಾಠ ಸೂಪರ್ ರೋಬೋಟ್ ವಾರ್ಸ್. 1991ರಲ್ಲಿ ಗೇಮ್ ಬಾಯ್‌ನಲ್ಲಿ ಹುಟ್ಟಿದ ಸರಣಿ ಇದು. ಬೇರೆ ಬೇರೆ ಅನಿಮೆಗಳ ರೋಬೋಗಳು ಒಂದೇ ರಣರಂಗದಲ್ಲಿ ಸೇರುತ್ತವೆ. ಪ್ರತಿ ಅನಿಮೆಯ ಹಕ್ಕೂ ಒಬ್ಬೊಬ್ಬರ ಕೈಯಲ್ಲಿ, ದೇಶಕ್ಕೊಂದು ಒಪ್ಪಂದ. ಇಂಥ ಆಟವನ್ನು ಎಲ್ಲ ಕಡೆ ಮಾರುವುದು ಎಷ್ಟು ಕಷ್ಟ ಎಂದು ಊಹಿಸಬಹುದು. 2016ರ ಮೂನ್ ಡ್ವೆಲರ್ಸ್, 2017ರ ವಿ, 2018ರ ಎಕ್ಸ್, 2019ರ ಟಿ ಈ ನಾಲ್ಕೂ ಇಂಗ್ಲಿಷ್‌ನಲ್ಲಿ ಬಂದದ್ದು ಏಷ್ಯಾದ ಆವೃತ್ತಿಗಳಾಗಿ. ವಿ ಆಟದ್ದನ್ನೇ ನೋಡಿ: ಪಿಎಸ್ 4ಕ್ಕೆ ಜಪಾನಿ ಡಿಸ್ಕ್ ಒಂದು, ಚೀನಿ ಡಿಸ್ಕ್ ಇನ್ನೊಂದು, ಇಂಗ್ಲಿಷ್ ಡಿಸ್ಕ್ ಮತ್ತೊಂದು. ಚಿತ್ರ, ಸಂಗೀತ, ಕಥೆ ಎಲ್ಲ ಒಂದೇ. ‘ಏಷ್ಯಾ’ ಎಂಬ ಒಂದು ಪದ ನೋಡಿ ದುಡ್ಡು ಕಟ್ಟಿದರೆ ಚೀನಿ ಡಿಸ್ಕ್ ಮನೆಗೆ ಬರಬಹುದು. ಮಾರುವವರ ವಿವರದಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ಬರೆದಿಲ್ಲದಿದ್ದರೆ ಡಬ್ಬಿಯ ಹಿಂಬದಿಯ ಫೋಟೋ ಕೇಳಿ ಪಡೆಯಿರಿ. ಧ್ವನಿ ಬಹುಮಟ್ಟಿಗೆ ಜಪಾನಿಯಲ್ಲೇ ಇರುತ್ತದೆ, ಇಂಗ್ಲಿಷ್ ಎಂದರೆ ಇಲ್ಲಿ ಬರಹ.

ಪಿಎಸ್ 4ರ ಕಾಲದ ಏಷ್ಯಾ ಡಿಸ್ಕ್‌ಗಳಲ್ಲಿ ಇನ್ನೊಂದು ಸಣ್ಣ ಅಭ್ಯಾಸ ಬೇಕು. ಜಪಾನಿನ ಪದ್ಧತಿಯಂತೆ ಒಪ್ಪಿಗೆಗೆ ವೃತ್ತದ ಬಟನ್, ಬೇಡ ಅನ್ನಲು ಎಕ್ಸ್. ನಮ್ಮ ಕೈಗೆ ರೂಢಿಯಾದದ್ದು ಇದಕ್ಕೆ ಉಲ್ಟಾ. ಮೊದಲ ಒಂದು ಗಂಟೆ ಸೇವ್ ಮಾಡುವಾಗ ನಿಧಾನಿಸಿ. ಪಿಎಸ್ 5ರಿಂದ ಎಲ್ಲ ಕಡೆಯೂ ಎಕ್ಸ್ ಒಪ್ಪಿಗೆಯ ಬಟನ್ ಆಗಿದೆ.

ಡಬ್ಬಿಯನ್ನು ಓದುವುದು

ವಯಸ್ಸಿನ ಗುರುತು ನೋಡಿದರೆ ಡಬ್ಬಿಯ ಊರು ಗೊತ್ತಾಗುತ್ತದೆ. ಇಎಸ್‌ಆರ್‌ಬಿ ಇದ್ದರೆ ಉತ್ತರ ಅಮೆರಿಕ, ಪೆಗಿ ಇದ್ದರೆ ಯುರೋಪ್, ಯುಎಸ್‌ಕೆ ಇದ್ದರೆ ಜರ್ಮನಿ, ಸೆರೊ ಇದ್ದರೆ ಜಪಾನ್. ಭಾರತದ ಅಂಗಡಿಗಳಲ್ಲಿ ಸಿಗುವ ಪ್ಲೇಸ್ಟೇಷನ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಪೆಗಿ ಗುರುತೇ ಇರುತ್ತದೆ, ಮನೆಯಲ್ಲಿರುವ ಒಂದನ್ನು ತೆಗೆದು ನೋಡಿ. ಸೆರೊದಲ್ಲಿ ಎ, ಬಿ, ಸಿ, ಡಿ ಮತ್ತು ಝಡ್ ಎಂಬ ದರ್ಜೆಗಳಿವೆ, ಝಡ್ ಎಂದರೆ 18 ತುಂಬಿದವರಿಗೆ. ರಕ್ತಪಾತದ ಆಟಗಳಲ್ಲಿ ಈ ದರ್ಜೆಗಾಗಿ ದೃಶ್ಯಗಳನ್ನು ತಗ್ಗಿಸುವುದುಂಟು. ರೆಸಿಡೆಂಟ್ ಈವಿಲ್ 7 ಜಪಾನಿನಲ್ಲಿ ಡಿ ದರ್ಜೆಯದ್ದು, ಝಡ್ ದರ್ಜೆಯದ್ದು ಎಂದು ಎರಡು ಡಬ್ಬಿಗಳಾಗಿಯೇ ಮಾರಾಟವಾಯಿತು.

ಇದಾದ ಮೇಲೆ ಭಾಷೆಯ ಪಟ್ಟಿ. ಜಪಾನಿನ ನಿಂಟೆಂಡೊ ಅಂಗಡಿಯ ಪುಟದಲ್ಲಿ ‘ತಾಯಿಓ ಗೆಂಗೊ’ (対応言語) ಎಂಬ ಸಾಲು ಇರುತ್ತದೆ, ಬೆಂಬಲಿತ ಭಾಷೆಗಳು ಎಂದರ್ಥ. ಅದರ ಮುಂದೆ ‘ಎಇಗೊ’ (英語) ಇದ್ದರೆ ಇಂಗ್ಲಿಷ್ ಇದೆ. ‘ನಿಹೊಂಗೊ’ (日本語) ಒಂದೇ ಇದ್ದರೆ ಜಪಾನಿ ಮಾತ್ರ. ಈ ಮೂರು ಪದಗಳ ಲಿಪಿಯನ್ನು ಚಿತ್ರದಂತೆ ಕಣ್ಣಿಗೆ ರೂಢಿಸಿಕೊಳ್ಳಿ, ಜಪಾನಿ ಕಲಿಯದಿದ್ದರೂ ಸಾಕು. ಆದರೆ ಆ ಪುಟ ಹೇಳುವುದು ಡೌನ್‌ಲೋಡ್ ಆವೃತ್ತಿಯ ಇಂದಿನ ಸ್ಥಿತಿಯನ್ನು. ಇಂಗ್ಲಿಷ್ ಆಮೇಲೆ ಪ್ಯಾಚ್ ಮೂಲಕ, ಅಂದರೆ ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ತಿದ್ದುಪಡಿಯ ಮೂಲಕ, ಸೇರಿದ್ದರೂ ಅಲ್ಲಿ ಇದೆ ಎಂದೇ ಕಾಣುತ್ತದೆ.

ಸ್ವಿಚ್ 2ರ ಡಬ್ಬಿಗಳಲ್ಲಿ ಮುಂಭಾಗದ ಕೆಳಗೆ ಗೇಮ್-ಕೀ ಕಾರ್ಡ್ ಎಂಬ ಪಟ್ಟಿ ಇದೆಯೇ ನೋಡಿ. ಅಂಥ ಕಾರ್ಡ್‌ನಲ್ಲಿ ಆಟ ಇರುವುದಿಲ್ಲ, ಬೀಗದ ಕೈ ಮಾತ್ರ. ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಸ್ಟ್ರೀಟ್ ಫೈಟರ್ 6 ಹೀಗೆ ಬಂದಿದೆ, ಸೈಬರ್‌ಪಂಕ್ 2077 ಪೂರ್ತಿ ಕಾರ್ಡ್‌ನಲ್ಲೇ ಬಂದಿದೆ. ಕೀ ಕಾರ್ಡ್ ಯಾವ ಖಾತೆಗೂ ಅಂಟಿಕೊಳ್ಳುವುದಿಲ್ಲ, ಮಾರಬಹುದು. ಆದರೂ ನನ್ನ ಕಪಾಟಿಗೆಂದು ಹೊರದೇಶದಿಂದ ಅದನ್ನು ತರಿಸಲು ನನಗೆ ಮನಸ್ಸಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ಭಯ ಬೇಡ. ಸ್ವಿಚ್‌ನಲ್ಲಿ ಸೇವ್ ಕೂರುವುದು ಯಂತ್ರದಲ್ಲಿ, ಕಾರ್ಡ್‌ನಲ್ಲಲ್ಲ. ಹಿಂದಿನವರು ಎಷ್ಟೇ ಆಡಿದ್ದರೂ ನಿಮಗೆ ಅದು ಹೊಸ ಆಟವೇ. ಡಿಎಸ್, 3ಡಿಎಸ್ ಕಾರ್ಡ್‌ಗಳಲ್ಲಿ ಹಾಗಲ್ಲ, ಹಳೆಯ ಸೇವ್ ಅದರೊಳಗೇ ಬರುತ್ತದೆ.

ಖಾತೆ ಮತ್ತು ಡಿಎಲ್‌ಸಿ

ಆಟ ಮುಗಿದ ಮೇಲೆ ಡಿಎಲ್‌ಸಿ, ಅಂದರೆ ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಅಧ್ಯಾಯ, ಬೇಕೆನಿಸಿದಾಗ ಬಹಳ ಜನ ಎಡವುವುದು ಇಲ್ಲಿ. ಪ್ಲೇಸ್ಟೇಷನ್‌ನಲ್ಲಿ ಡಿಸ್ಕ್‌ಗೂ ಡಿಎಲ್‌ಸಿಗೂ ಪ್ರದೇಶ ಹೊಂದಬೇಕು. ಭಾರತದ ಖಾತೆಯ ಅಂಗಡಿ ಯುರೋಪ್ ಗುಂಪಿನೊಂದಿಗೆ ಸೇರಿದೆ, ಆದ್ದರಿಂದ ಇಲ್ಲಿ ಕೊಂಡ ಪೆಗಿ ಡಿಸ್ಕ್‌ಗೆ ನಮ್ಮ ಖಾತೆಯ ಡಿಎಲ್‌ಸಿ ಹೊಂದುತ್ತದೆ. ಅಮೆರಿಕದ ಡಿಸ್ಕ್‌ಗೆ ಅಮೆರಿಕದ ಖಾತೆ ಬೇಕು. ಏಷ್ಯಾದ ಇಂಗ್ಲಿಷ್ ಡಿಸ್ಕ್‌ಗೆ ಹಾಂಗ್‌ಕಾಂಗ್ ಅಥವಾ ಸಿಂಗಪುರದ್ದು. ಪಿಎಸ್ 4ರಲ್ಲಿ ಆ ಖಾತೆಗೆ ನಿಮ್ಮ ಯಂತ್ರವನ್ನು ಪ್ರೈಮರಿ ಎಂದು ಮಾಡಿಕೊಂಡರೆ, ಅದರಲ್ಲಿ ಕೊಂಡ ಡಿಎಲ್‌ಸಿಯನ್ನು ನಿಮ್ಮ ಎಂದಿನ ಖಾತೆಯಿಂದಲೇ ಆಡಬಹುದು. ಬೇರೆ ಪ್ರದೇಶದ ಡಿಸ್ಕ್‌ನ ಹಳೆಯ ಸೇವ್ ಹೊಸದಕ್ಕೆ ಬಂದೇ ಬರುತ್ತದೆ ಎಂದು ನಂಬಿ ಕೂರಬೇಡಿ. ಹೊರದೇಶದ ಡಿಸ್ಕ್ ಬರುತ್ತಿದೆ ಎಂದು ಮನೆಯಲ್ಲಿರುವ ಡಿಸ್ಕ್ ಮಾರಲು ಹೊರಡುವ ಮುನ್ನ ಇದು ನೆನಪಿರಲಿ.

ಕಸ್ಟಮ್ಸ್

ಮೊದಲ ಸ್ವಿಚ್ ಭಾರತಕ್ಕೆ ಅಧಿಕೃತವಾಗಿ ಬರಲೇ ಇಲ್ಲ. ಆದ್ದರಿಂದ ಇಲ್ಲಿನ ಪ್ರತಿ ಕಾರ್ಡೂ ಯಾರೋ ಒಬ್ಬರು ಹೊರಗಿನಿಂದ ತಂದದ್ದೇ. ಅಂಗಡಿಯ ಬೆಲೆಯಲ್ಲಿ ಅವರ ಖರ್ಚೂ ಸೇರಿರುತ್ತದೆ. ನೀವೇ ತರಿಸುವುದಾದರೆ ಸುಂಕದ ಲೆಕ್ಕ ಹಾಕುವುದು ಆಟದ ಬೆಲೆಯ ಮೇಲೆ ಮಾತ್ರವಲ್ಲ. ಸಾಗಣೆ, ವಿಮೆ ಸೇರಿದ ಮೊತ್ತದ ಮೇಲೆ. ಅದಕ್ಕೆ ಸುಂಕ ಕೂಡಿಸಿ, ಬಂದ ಮೊತ್ತದ ಮೇಲೆ ಐಜಿಎಸ್‌ಟಿ. ಜೊತೆಗೆ ಕೊರಿಯರ್‌ನವರ ಶುಲ್ಕ, ಅವರು ಕೇಳುವ ಕೆವೈಸಿ ಕಾಗದ. ‘ಗಿಫ್ಟ್ ಎಂದು ಬರೆಸಿದರೆ ಸುಂಕ ಇಲ್ಲ’ ಎಂಬ ಮಾತು ಇನ್ನೂ ಓಡಾಡುತ್ತಿದೆ. 2019ರ ಡಿಸೆಂಬರ್‌ನಲ್ಲೇ ಸರ್ಕಾರ ರಾಖಿ ಮತ್ತು ಜೀವರಕ್ಷಕ ಔಷಧಗಳನ್ನು ಬಿಟ್ಟು ಆ ವಿನಾಯಿತಿಯನ್ನು ತೆಗೆದುಹಾಕಿದೆ. ಸುಳ್ಳು ಬೆಲೆ ಬರೆಸಬೇಡಿ. ಪಾರ್ಸೆಲ್ ಸಿಕ್ಕಿಹಾಕಿಕೊಂಡರೆ ಬಿಡಿಸಿಕೊಳ್ಳಬೇಕಾದವರು ನೀವೇ. ಕೊಳ್ಳುವ ಮುನ್ನ ಆ ತಿಂಗಳ ದರ ನೋಡಿ ಕಾಗದದ ಮೇಲೆ ಒಟ್ಟು ಮೊತ್ತ ಬರೆದುಕೊಳ್ಳಿ. ಎಷ್ಟೋ ಸಲ ಆ ಮೊತ್ತ ನೋಡಿದ ಮೇಲೆ ಇಲ್ಲಿನ ಅಂಗಡಿಯ ಬೆಲೆಯೇ ಮೇಲು ಅನ್ನಿಸುತ್ತದೆ.

ಪಾರ್ಸೆಲ್ ಬಂದ ದಿನ

ಕಾರ್ಡ್ ಹಾಕುವ ಮುನ್ನ ಯಂತ್ರದ ಭಾಷೆ ಇಂಗ್ಲಿಷ್ ಎಂದಿದೆಯೇ ನೋಡಿ, ಸ್ವಿಚ್‌ನ ಎಷ್ಟೋ ಆಟಗಳು ಯಂತ್ರದ ಭಾಷೆಯನ್ನೇ ಹಿಡಿಯುತ್ತವೆ. ಆಮೇಲೆ ಇಂಟರ್ನೆಟ್ ಆಫ್ ಮಾಡಿ ಆಟ ಶುರುಮಾಡಿ. ಇಂಗ್ಲಿಷ್ ಕಂಡರೆ ಅದು ಕಾರ್ಡ್‌ನಲ್ಲೇ ಇದೆ. ಕಾಣದಿದ್ದರೆ ಇಂಟರ್ನೆಟ್ ಹಾಕಿ, ಪ್ಯಾಚ್ ಇಳಿಸಿ ಮತ್ತೆ ನೋಡಿ. ಆಗ ಕಂಡರೆ ಆ ಪ್ಯಾಚನ್ನು ಅಳಿಸದೆ ಇಟ್ಟುಕೊಳ್ಳಿ, ಆಟದ ಇಂಗ್ಲಿಷ್ ಇರುವುದು ಅದರಲ್ಲೇ. ನಾನು ಪ್ರತಿ ಡಬ್ಬಿಯ ಒಳಗೂ ಒಂದು ಚೀಟಿ ಇಟ್ಟು ‘ಇಂಗ್ಲಿಷ್ ಕಾರ್ಡ್‌ನಲ್ಲಿದೆ’ ಅಥವಾ ‘ಪ್ಯಾಚ್‌ನಲ್ಲಿದೆ’ ಎಂದು ತಾರೀಖು ಹಾಕಿ ಬರೆದಿಡುತ್ತೇನೆ. ಗೆಳೆಯರು ಎರವಲು ಒಯ್ಯುವಾಗ ಆ ಚೀಟಿಯೂ ಜೊತೆಗೆ ಹೋಗುತ್ತದೆ.