ಬೇಸಿಗೆಯ ವ್ರತ, ಊರ ತೇರು, ವಯಸ್ಸಾದ ಅಮ್ಮ: ಉಪವಾಸ ಬಿಡಿಸಬೇಕಾ?

ಪ್ರಶ್ನೆ: ನಮ್ಮ ಅಮ್ಮನಿಗೆ 76 ವರ್ಷ. ಬಿ.ಪಿ., ಶುಗರ್ ಎರಡಕ್ಕೂ ಮಾತ್ರೆ ತಗೊಳ್ತಾರೆ. ಯುಗಾದಿ ಕಳೆದರೆ ಸಾಕು, ರಾಮನವಮಿ, ಏಕಾದಶಿ, ಊರ ತೇರು ಅಂತ ಒಂದನ್ನೂ ಬಿಡುವುದಿಲ್ಲ. ಏಕಾದಶಿ ದಿನ ನೀರೂ ಮುಟ್ಟುವುದಿಲ್ಲ. "ಈ ಬಿಸಿಲಲ್ಲಿ ಬೇಡಮ್ಮ" ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ವ್ರತ ಬಿಡಿಸಬೇಡಿ. ನೀರು ಬಿಡುವುದನ್ನು ಮಾತ್ರ ಬಿಡಿಸಿ. ಮಾತ್ರೆಗಳ ವಿಷಯವನ್ನು ಹಬ್ಬ ಬರುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಿ. ತೇರಿಗೆ ಹೋಗಲಿ, ಆದರೆ ಬಿಸಿಲೇರುವ ಮುಂಚೆ ಹೋಗಿ ಬರಲಿ. ಇಷ್ಟಕ್ಕೆ ಅಮ್ಮನನ್ನು ಒಪ್ಪಿಸುವುದು ಕಷ್ಟ ಅಂತ ಗೊತ್ತು. ಆದರೆ ಒಪ್ಪಿಸುವ ದಾರಿ ಅವರು ನಂಬಿರುವ ಸಂಪ್ರದಾಯದಲ್ಲೇ ಇದೆ.

ನಮ್ಮ ಬೇಸಿಗೆಯ ಆಚರಣೆಗಳನ್ನೇ ಒಮ್ಮೆ ನೋಡಿ. ರಾಮನವಮಿಗೆ ಪಾನಕ, ನೀರು ಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಕೆಲವು ಮನೆಗಳಲ್ಲಿ ಬೇಲದ ಹಣ್ಣಿನ ಪಾನಕ, ಕರ್ಬೂಜದ ಪಾನಕ. ವೈಶಾಖದಲ್ಲಿ ನೀರು ತುಂಬಿದ ಕೊಡ, ಬೀಸಣಿಗೆ, ಕೊಡೆ, ಚಪ್ಪಲಿ ದಾನ. ಅಕ್ಷಯ ತದಿಗೆ ಅಂದರೆ ಈಗ ಚಿನ್ನದಂಗಡಿ ನೆನಪಾಗುತ್ತದೆ. ಆದರೆ ನೀರಿನ ಕೊಡ ದಾನ ಕೊಡುವ ರೂಢಿ ಅದಕ್ಕಿಂತ ಬಹಳ ಹಳೆಯದು. ತೇರಿನ ಬೀದಿಯಲ್ಲಿ ಅರವಟ್ಟಿಗೆ ಇಡುವುದೂ ಇದೇ ಕಾಲದಲ್ಲಿ. ಬಿಸಿಲಿಗೆ ಬಂದವರ ಬಾಯಾರಿಕೆ ತಣಿಸುವುದೇ ಈ ಕಾಲದ ಪುಣ್ಯದ ಕೆಲಸ ಅಂತ ಹಿರಿಯರು ನಂಬಿದ್ದರು. ಹಾಗಿರುವಾಗ ಊರಿಗೆಲ್ಲ ಪಾನಕ ಹಂಚುವ ಅಜ್ಜಿ ತಾನು ಮಾತ್ರ ಬಾಯಿ ಒಣಗಿಸಿಕೊಂಡು ಕೂರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅವರಿಗೆ ಬಾಯಾರುವುದಿಲ್ಲವೇ? ನಿಜ ಹೇಳಬೇಕೆಂದರೆ, ಅಷ್ಟಾಗಿ ಬಾಯಾರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ವಯಸ್ಸಾದಂತೆ ದೇಹಕ್ಕೆ ನೀರು ಕಮ್ಮಿಯಾಗಿದೆ ಅಂತ ಹೇಳುವ ಬಾಯಾರಿಕೆಯೇ ಮಂಕಾಗುತ್ತದೆ. ಮೈಯಲ್ಲಿರುವ ನೀರಿನ ಪಾಲೂ ಕಮ್ಮಿಯಾಗಿರುತ್ತದೆ. ನೀರು ಕಮ್ಮಿಯಾದಾಗ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವ ಶಕ್ತಿ ಕಿಡ್ನಿಗೆ ಮೊದಲಿನಷ್ಟು ಇರುವುದಿಲ್ಲ. ಬೆವರುವುದೂ ಕಡಿಮೆ, ಹಾಗಾಗಿ ಮೈ ತಣಿಯುವುದು ನಿಧಾನ. ನಮಗೆ "ಅಬ್ಬಾ, ಸೆಖೆ" ಅನ್ನಿಸುವ ಹೊತ್ತಿನಲ್ಲಿ ಅಮ್ಮ ಸುಮ್ನೆ ಕೂತಿರುತ್ತಾರೆ. "ನನಗೇನೂ ಆಗ್ತಿಲ್ಲ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ ಗೊತ್ತಾಗುತ್ತಿಲ್ಲ. ಆದ್ದರಿಂದ "ಬಾಯಾರಿದರೆ ಕುಡೀತೀನಿ ಬಿಡು" ಅನ್ನುವ ಮಾತನ್ನು ಒಪ್ಪಬೇಡಿ. ಬಾಯಾರಲಿ, ಬಿಡಲಿ, ಎಚ್ಚರವಿರುವಷ್ಟು ಹೊತ್ತು ಗಂಟೆಗೊಂದು ಲೋಟದ ಲೆಕ್ಕ ಇಟ್ಟುಕೊಳ್ಳಿ. ಹೃದಯದ ತೊಂದರೆ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರು "ದಿನಕ್ಕೆ ಇಷ್ಟೇ ನೀರು" ಅಂದಿದ್ದರೆ ಮಾತ್ರ ಅವರು ಹೇಳಿದಷ್ಟೇ ಕೊಡಿ.

ಈಗ ಏಕಾದಶಿಗೆ ಬರೋಣ. ಬೇಸಿಗೆಯಲ್ಲಿ ಹೆಚ್ಚು ಭಯ ಹುಟ್ಟಿಸುವುದು ಅದೇ. ಜ್ಯೇಷ್ಠ ಶುದ್ಧ ಏಕಾದಶಿಯ ಹೆಸರೇ ನಿರ್ಜಲ ಏಕಾದಶಿ. ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ನಲ್ಲೋ ಬರುತ್ತದೆ. ಅಧಿಕ ಮಾಸ ಬಂದ ವರ್ಷವಂತೂ ಎರಡು ಏಕಾದಶಿ ಜಾಸ್ತಿ. 2026ರಲ್ಲಿ ಜ್ಯೇಷ್ಠವೇ ಅಧಿಕ. ಅಂದರೆ ಮೇ, ಜೂನ್ ಬಿಸಿಲಲ್ಲೇ ವ್ರತ, ದಾನ ಎಲ್ಲ ಹೆಚ್ಚುತ್ತವೆ. ದಶಮಿಯ ದಿನ ಒಂದೇ ಹೊತ್ತು ಊಟ ಮಾಡಿ, ರಾತ್ರಿಯಿಂದ ನೀರನ್ನೂ ಬಿಟ್ಟು, ದ್ವಾದಶಿ ಬೆಳಿಗ್ಗೆ ಪಾರಣೆ ಮಾಡುವವರು ಒಂದೂವರೆ ದಿನದ ಹತ್ತಿರ ಒಣ ಬಾಯಲ್ಲಿರುತ್ತಾರೆ.

ಏಕಾದಶಿ ಉಪವಾಸ ಯಾರಿಗೆ ಅನ್ನುವುದಕ್ಕೆ ಸಂಪ್ರದಾಯದಲ್ಲೇ ವಯಸ್ಸಿನ ಲೆಕ್ಕ ಹೇಳಿದ್ದಾರೆ. 8 ವರ್ಷ ದಾಟಿದವರಿಗೆ, 80 ತುಂಬದವರಿಗೆ. ಇದನ್ನು ಹೇಳಿದರೆ ನಿಮ್ಮ ಅಮ್ಮ "ನನಗಿನ್ನೂ 76" ಅನ್ನುತ್ತಾರೆ, ಅಲ್ವಾ? ಹೇಳಲಿ ಬಿಡಿ. ಮುಂದಿನ ಮಾತು ಅವರಿಗಾಗಿಯೇ ಇದೆ. ಪೂರ್ತಿ ಉಪವಾಸ ಆಗದವರಿಗೆ ಬೇರೆ ಬೇರೆ ದಾರಿ ಕೊಟ್ಟಿದ್ದಾರೆ. ರಾತ್ರಿ ಒಂದು ಹೊತ್ತು ತಿನ್ನಬಹುದು, ಅನ್ನ ಬಿಟ್ಟು ಬೇರೆ ತಿನ್ನಬಹುದು, ಹಣ್ಣು ತಿನ್ನಬಹುದು, ಹಾಲು ಅಥವಾ ನೀರು ಕುಡಿದು ಇರಬಹುದು. ಅಷ್ಟೇ ಅಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧಿ, ಗುರುವಿನ ಮಾತು, ಇವುಗಳಿಂದ ವ್ರತ ಕೆಡುವುದಿಲ್ಲ ಅಂತಲೂ ಧರ್ಮಶಾಸ್ತ್ರ ಬಲ್ಲವರು ಹೇಳುತ್ತಾರೆ. ನೀರು ಮೊದಲೇ ಪಟ್ಟಿಯಲ್ಲಿದೆ, ಔಷಧಿಯೂ ಇದೆ ಅನ್ನುವುದನ್ನು ಅಮ್ಮನಿಗೆ ಕೂತು ಹೇಳಿ.

ಗುರುವಿನ ಮಾತು ಅನ್ನುವುದನ್ನಂತೂ ಚೆನ್ನಾಗಿ ಬಳಸಿಕೊಳ್ಳಿ. ಮಕ್ಕಳು ಹತ್ತು ಸಲ ಹೇಳಿದರೂ ಕೇಳದ ಅಮ್ಮ, ಮನೆಗೆ ಬರುವ ಪುರೋಹಿತರು ಒಂದು ಸಲ "ನೀರು ಕುಡೀರಮ್ಮ, ದೋಷ ಇಲ್ಲ" ಅಂದರೆ ಕೇಳುತ್ತಾರೆ. ಅವರ ಹತ್ತಿರ ಮೊದಲೇ ಹೋಗಿ ಅಮ್ಮನ ಆರೋಗ್ಯದ ವಿಷಯ ಹೇಳಿ. ಮಠಕ್ಕೆ ನಡೆದುಕೊಳ್ಳುವವರಾದರೆ ಅಲ್ಲೇ ಕೇಳಿಸಿ. ಏಕಾದಶಿ ಬೆಳಿಗ್ಗೆ ವಾದ ಮಾಡುವುದಕ್ಕಿಂತ ವಾರದ ಮುಂಚೆ ಈ ಮಾತು ಆಡಿಸಿದರೆ ಮನೆಯಲ್ಲಿ ಜಗಳವೂ ಇರುವುದಿಲ್ಲ. ರಂಜಾನ್ ಉಪವಾಸ ಮಾಡುವ ಮನೆಗಳಲ್ಲೂ ಹೀಗೇ. ಕಾಯಿಲೆಯವರಿಗೆ, ಕೈಲಾಗದ ವೃದ್ಧರಿಗೆ ಅಲ್ಲಿ ವಿನಾಯಿತಿ ಇದೆ, ಉಪವಾಸದ ಬದಲು ಬಡವರಿಗೆ ಊಟ ಕೊಡುವ ಫಿದ್ಯಾ ಇದೆ. ಮಸೀದಿಯ ಇಮಾಮರು ಹೇಳಿದರೆ ಅಜ್ಜ ಒಪ್ಪುತ್ತಾರೆ.

ಇನ್ನು ಮಾತ್ರೆ. ಉಪವಾಸದ ದಿನ ಮಾತ್ರೆಯನ್ನೂ ಬಿಡುವವರು ಒಂದು ಕಡೆ, ಊಟ ಬಿಟ್ಟು ಮಾತ್ರೆ ಮಾತ್ರ ನುಂಗುವವರು ಇನ್ನೊಂದು ಕಡೆ. ಎರಡೂ ಅಪಾಯವೇ. ಶುಗರ್‌ಗೆ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತಗೊಂಡು ಊಟ ಮಾಡದಿದ್ದರೆ ಸಕ್ಕರೆ ಅಂಶ ತೀರಾ ಇಳಿಯಬಹುದು. ಕೈ ನಡುಗುವುದು, ಬೆವರುವುದು, ತಲೆ ಗಿರ್ ಅನ್ನುವುದು, ಮಾತು ತೊದಲುವುದು ಅದರ ಗುರುತು. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕೆಳಗೆ ಬಂದರೆ ಅಲ್ಲಿಗೆ ಉಪವಾಸ ಮುಗಿಯಿತು. ತಕ್ಷಣ ಸಕ್ಕರೆ ನೀರು ಕುಡಿಸಿ. ಬಿ.ಪಿ.ಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಹೋಗುವಂತೆ ಮಾಡುತ್ತವೆ. ನೀರನ್ನೂ ಬಿಟ್ಟು ಆ ಮಾತ್ರೆ ತಗೊಂಡರೆ ಮೈಯಲ್ಲಿದ್ದ ನೀರೂ ಹೋಗುತ್ತದೆ, ಬಿ.ಪಿ. ಕುಸಿಯುತ್ತದೆ. ಹಾಗಂತ ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮಾತ್ರೆ ಚೀಟಿ ಹಿಡಿದುಕೊಂಡು ಹೋಗಿ, "ಅಮ್ಮ ಈ ದಿನ ಉಪವಾಸ ಇರ್ತಾರೆ, ಯಾವುದನ್ನು ಯಾವಾಗ ಕೊಡಲಿ?" ಅಂತ ಡಾಕ್ಟರನ್ನು ಕೇಳಿ. ಶುಗರ್ ಹತೋಟಿಯಲ್ಲಿಲ್ಲದವರು, ಇನ್ಸುಲಿನ್ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು ಉಪವಾಸ ಇರಲೇಬಾರದು ಅಂತ ಅವರು ಹೇಳಬಹುದು. ಹಾಗೆ ಹೇಳಿದರೆ ಅದಕ್ಕೇ ಬದ್ಧರಾಗಿರಿ. ಜಪ, ಪಾರಾಯಣ, ದಾನ ಇದ್ದೇ ಇವೆಯಲ್ಲ.

ದ್ವಾದಶಿ ಬೆಳಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಉಪವಾಸದ ದಿನ ಹೇಗೋ ಕಳೆದುಬಿಡುತ್ತದೆ. ಬೀಳುವುದು ಮರುದಿನ. ನಾಲ್ಕು ಗಂಟೆಗೆ ಎದ್ದು, ತಲೆಗೆ ಸ್ನಾನ ಮಾಡಿ, ಪಾರಣೆಗೆ ಅಡುಗೆ ಅಂತ ಒಲೆ ಮುಂದೆ ನಿಂತುಬಿಡುತ್ತಾರೆ. ಮೈಯಲ್ಲಿ ನೀರಿಲ್ಲ, ಹೊಟ್ಟೆಯಲ್ಲಿ ಏನೂ ಇಲ್ಲ, ಒಲೆಯ ಕಾವು ಬೇರೆ. ಬಗ್ಗಿ ಎದ್ದಾಗ ಕಣ್ಣು ಕತ್ತಲೆ ಬಂದು ಬಿದ್ದರೆ ಸೊಂಟದ ಮೂಳೆಗೇ ಕುತ್ತು. ಅವತ್ತಿನ ಅಡುಗೆಯನ್ನು ಮನೆಯಲ್ಲಿ ಬೇರೆ ಯಾರಾದರೂ ಮಾಡಿ. ಅಮ್ಮ ಹಾಸಿಗೆಯಿಂದ ಎದ್ದು, ಎರಡು ನಿಮಿಷ ಕೂತು, ಆಮೇಲೆ ನಿಲ್ಲಲಿ.

ಫಲಾಹಾರದಲ್ಲೂ ಶುಗರ್ ಇರುವವರು ಹುಷಾರಾಗಿರಬೇಕು. ಸಬ್ಬಕ್ಕಿ, ಅವಲಕ್ಕಿ, ಆಲೂಗಡ್ಡೆ, ಬಾಳೆಹಣ್ಣು ಎಲ್ಲ ಸೇರಿದರೆ ಊಟಕ್ಕಿಂತ ಜಾಸ್ತಿ ಸಕ್ಕರೆ ಏರಿಸುತ್ತವೆ. ಬೆಲ್ಲದ ಪಾನಕವೂ ಹಾಗೇ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ತೊಂದರೆ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಆದರೆ ರಕ್ತಕ್ಕೆ ಹೋದಮೇಲೆ ಎರಡೂ ಒಂದೇ. ನೈವೇದ್ಯದ ಪಾನಕ ಎರಡು ಗುಟುಕು ತಗೊಳ್ಳಲಿ. ಮಿಕ್ಕಂತೆ ನಿಂಬೆಹಣ್ಣು, ಏಲಕ್ಕಿ, ಚೂರು ಒಣಶುಂಠಿ ಹಾಕಿದ ನೀರನ್ನು ಬೆಲ್ಲವಿಲ್ಲದೆ ಮಾಡಿಕೊಡಿ, ಅದೂ ರುಚಿಯಾಗಿರುತ್ತದೆ. ನೀರು ಮಜ್ಜಿಗೆ ಎಲ್ಲಕ್ಕಿಂತ ಒಳ್ಳೆಯದು. ಬಿ.ಪಿ. ಇದ್ದರೆ ಉಪ್ಪು ಚಿಟಿಕೆಗಿಂತ ಕಮ್ಮಿ ಇರಲಿ, ಕೊತ್ತಂಬರಿ, ಕರಿಬೇವು, ಶುಂಠಿ ಜಾಸ್ತಿ ಇರಲಿ. ಎಳನೀರು ಎಲ್ಲರಿಗೂ ಅಮೃತ ಅಂದುಕೊಳ್ಳಬೇಡಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸರಿಯಿಲ್ಲದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ತೇರು, ಜಾತ್ರೆಗೆ ಹೋದಾಗ ಹೆಂಗಸರು ನೀರು ಕುಡಿಯದಿರಲು ಇನ್ನೊಂದು ಕಾರಣ ಇದೆ. ಅದನ್ನು ಮನೆಯ ಗಂಡಸರಿಗೆ ಅವರು ಹೇಳುವುದಿಲ್ಲ. ಅಲ್ಲಿ ಶೌಚಾಲಯ ಇರುವುದಿಲ್ಲ, ಇದ್ದರೂ ಹೋಗುವ ಹಾಗಿರುವುದಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದಾಗಿನಿಂದಲೇ ಲೋಟ ಮುಟ್ಟುವುದಿಲ್ಲ. ಮದುವೆ ಮನೆ, ಬಸ್ಸಿನ ಪ್ರಯಾಣ, ಎಲ್ಲ ಕಡೆ ಇದೇ ಕಥೆ. "ಯಾಕೆ ನೀರು ಕುಡಿಯಲ್ಲ?" ಅಂತ ಗದರುವ ಮುಂಚೆ ಹೋಗುವ ಜಾಗದ ಹತ್ತಿರ ಪರಿಚಯದವರ ಮನೆ, ಛತ್ರ, ಸ್ವಚ್ಛವಾದ ಹೋಟೆಲ್ ಯಾವುದಿದೆ ನೋಡಿಕೊಂಡು, "ಅಮ್ಮ, ಅಲ್ಲಿ ವ್ಯವಸ್ಥೆ ಇದೆ" ಅಂತ ಮೊದಲೇ ಹೇಳಿ. ತಾನಾಗಿಯೇ ಕುಡಿಯುತ್ತಾರೆ. ಜಾತ್ರೆ ಮಾಡುವ ಸಮಿತಿಯವರೂ ಅರವಟ್ಟಿಗೆಗೆ ಕೊಡುವ ಗಮನದಲ್ಲಿ ಅರ್ಧವನ್ನಾದರೂ ಹೆಂಗಸರ ಶೌಚಾಲಯಕ್ಕೆ ಕೊಡಬೇಕು. ನೀರು ಕೊಟ್ಟಷ್ಟೇ ಪುಣ್ಯ ಅದು.

ದೇವಸ್ಥಾನದ ಕಲ್ಲುಹಾಸು ಮತ್ತೊಂದು ಅಪಾಯ. ಬಹಳ ವರ್ಷ ಶುಗರ್ ಇದ್ದವರಿಗೆ ಪಾದದಲ್ಲಿ ಸ್ಪರ್ಶ ಗೊತ್ತಾಗುವುದು ಕಮ್ಮಿಯಾಗಿರುತ್ತದೆ. ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಮೂರು ಪ್ರದಕ್ಷಿಣೆ ಹಾಕಿ ಬರುತ್ತಾರೆ. ಸುಟ್ಟಿದ್ದು ಗೊತ್ತೇ ಆಗುವುದಿಲ್ಲ. ರಾತ್ರಿ ನೋಡಿದರೆ ಅಂಗಾಲಿನಲ್ಲಿ ಬೊಬ್ಬೆ. ಅದು ಒಡೆದು ಹುಣ್ಣಾದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಬೆರಳನ್ನೇ ತೆಗೆಯಬೇಕಾಗಿ ಬರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ದರ್ಶನ ಮುಗಿಸಿ. ತಡವಾದರೆ ಹತ್ತಿಯ ಕಾಲುಚೀಲ ಹಾಕಿಸಿ, ನಾರಿನ ಚಾಪೆ ಹಾಸಿದ ಕಡೆಯೇ ನಡೆಸಿ. ಮನೆಗೆ ಬಂದಮೇಲೆ ಅಮ್ಮನ ಪಾದವನ್ನು ನೀವೇ ಕೈಯಲ್ಲಿ ಹಿಡಿದು, ಬೆರಳ ಸಂದಿಯನ್ನೂ ಬಿಡದೆ ನೋಡಿ. ಅವರಿಗೆ ಬಗ್ಗಿ ನೋಡಿಕೊಳ್ಳಲು ಆಗುವುದಿಲ್ಲ.

ಹೊತ್ತಿನ ವಿಷಯದಲ್ಲಿ ಹಟ ಮಾಡಲೇಬೇಕು. ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹನ್ನೊಂದರಿಂದ ನಾಲ್ಕರವರೆಗೆ ಹಿರಿಯರು ಮನೆಯಲ್ಲೇ ಇರಲಿ. ಬೆಂಗಳೂರು ಕರಗ ಚೈತ್ರ ಹುಣ್ಣಿಮೆಯ ರಾತ್ರಿ ನಡೆಯುತ್ತದೆ. ಅದೇ ಊರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತ ಸಂಜೆಗೆ ಇರುತ್ತದೆ. ಇಂಥವು ಹಿರಿಯರಿಗೆ ಹೇಳಿ ಮಾಡಿಸಿದ ಹಾಗಿವೆ. ಆದರೂ ಜನಜಂಗುಳಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಬೇಡಿ, ಕುರ್ಚಿ ಸಿಗುವ ಕಡೆ ಕೂರಿಸಿ.

ಮನೆಯಲ್ಲಿ ಫ್ಯಾನ್ ಇದ್ದರೆ ಸಾಕು ಅಂದುಕೊಳ್ಳುತ್ತೇವೆ. ಹೊರಗೆ 40 ಡಿಗ್ರಿ ದಾಟಿದ ದಿನ ಫ್ಯಾನ್ ಬಿಸಿಗಾಳಿಯನ್ನೇ ಮೈಮೇಲೆ ತಳ್ಳುತ್ತದೆ. ಒದ್ದೆ ಪಂಚೆಯಿಂದ ಕೈ, ಕುತ್ತಿಗೆ ಒರೆಸಿ, ಆಮೇಲೆ ಫ್ಯಾನ್ ಕೆಳಗೆ ಕೂರಿಸಿದರೆ ಮೈ ತಣಿಯುತ್ತದೆ. ನೀರು ಸಾಕಷ್ಟು ಹೋಗುತ್ತಿದೆಯಾ ಅಂತ ತಿಳಿಯಲು ಮೂತ್ರದ ಬಣ್ಣ ಕೇಳಿ. ತೆಳು ಹಳದಿ ಇದ್ದರೆ ಸರಿ. ಗಾಢ ಹಳದಿಯಾಗಿದ್ದರೆ, ಬೆಳಿಗ್ಗೆಯಿಂದ ಒಂದೇ ಸಲ ಹೋಗಿದ್ದರೆ, ನೀರು ಸಾಲದು.

ತಲೆನೋವು, ಸುಸ್ತು, ವಾಕರಿಕೆ, ಕಾಲು ಸೆಳೆತ ಬಂದರೆ ನೆರಳಿಗೆ ಕರೆದುಕೊಂಡು ಹೋಗಿ ಮಲಗಿಸಿ, ಒ.ಆರ್.ಎಸ್. ಕುಡಿಸಿ. ದೊಡ್ಡ ಪ್ಯಾಕೆಟ್ಟಾದರೆ ಒಂದು ಲೀಟರ್ ನೀರಿಗೆ ಪೂರ್ತಿ ಪುಡಿ, ಅಂದಾಜಿಗೆ ಕಲಸಬೇಡಿ. ಆದರೆ ಅಮ್ಮ ಅಸಂಬದ್ಧ ಮಾತಾಡತೊಡಗಿದರೆ, ಇರುವ ಜಾಗವೇ ಗೊತ್ತಾಗದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಅದು ಹೀಟ್ ಸ್ಟ್ರೋಕ್ ಇರಬಹುದು. "ವಯಸ್ಸಾಯ್ತು, ಅರಳು ಮರಳು" ಅಂತ ಬಿಟ್ಟುಬಿಡಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಹಾಕುತ್ತಿರಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆಯ ಒದ್ದೆ ಬಟ್ಟೆ ಇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ, ತೀರ್ಥವನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಈ ಬಿಸಿಗೆ ಕೆಲಸ ಮಾಡುವುದಿಲ್ಲ. ಅಮ್ಮ ತಗೊಳ್ಳುವ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಚೀಲದಲ್ಲಿ ಈಗಲೇ ಇಟ್ಟುಬಿಡಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.