ಬರೀ ಬೆಳಕಿನಿಂದ ಆಕಾಶಗಂಗೆಯ ಇತಿಹಾಸ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಶಹಾಬಾದಿನ ಫರಸಿ ಗಣಿಯಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎನ್ನಬಹುದು. ನಕ್ಷತ್ರಗಳು ಹಾಗೆ ಒಂದರ ಮೇಲೊಂದು ಕೂತಿಲ್ಲ, ಸದಾ ಚಲಿಸುತ್ತಿರುತ್ತವೆ. ಅವುಗಳ ಹಿಂದುಮುಂದನ್ನು ಗುರುತಿಸುವುದು ಹೇಗೆ?
– ಪದವಿ ವಿದ್ಯಾರ್ಥಿನಿ, ಸೇಡಂ

ಉತ್ತರ: ನಕ್ಷತ್ರ ಎಲ್ಲಿಗೇ ಸರಿದರೂ ತಾನು ಹುಟ್ಟಿದ ಅನಿಲದ ಗುರುತನ್ನು ಹೊರಪದರದಲ್ಲಿ ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿ, ಅಂದರೆ ರೋಹಿತದಲ್ಲಿ, ಕಾಣುವ ಕಪ್ಪು ಗೆರೆಗಳಿಂದ ಯಾವ ಧಾತು ಎಷ್ಟಿದೆ ಎಂದು ಅಳೆಯುತ್ತಾರೆ. ಆ ಲೆಕ್ಕಕ್ಕೆ 1920ರಲ್ಲಿ ಬುನಾದಿ ಹಾಕಿದವರು ನಮ್ಮವರೇ ಆದ ಭೌತವಿಜ್ಞಾನಿ ಮೇಘನಾದ ಸಹಾ.

ಇಲ್ಲಿ ಮುಖ್ಯವಾದದ್ದು ಮೆಗ್ನೀಸಿಯಂ ಮತ್ತು ಕಬ್ಬಿಣದ ಅನುಪಾತ. ಮೆಗ್ನೀಸಿಯಂ ಬಹುಪಾಲು ಬರುವುದು ಭಾರಿ ನಕ್ಷತ್ರಗಳಿಂದ. ಅವು ಹುಟ್ಟಿದ ಕೆಲವೇ ಕೋಟಿ ವರ್ಷಗಳಲ್ಲಿ ಸಿಡಿಯುತ್ತವೆ. ಕಬ್ಬಿಣದ ದೊಡ್ಡ ಪಾಲನ್ನು ಕೊಡುವ ಶ್ವೇತಕುಬ್ಜಗಳ (ಸೂರ್ಯನಂಥ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ಸಣ್ಣ, ದಟ್ಟ ಕಾಯಗಳ) ಸ್ಫೋಟಕ್ಕೆ ನೂರು ಕೋಟಿ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಹೆಚ್ಚಿರುವ ನಕ್ಷತ್ರವು, ತಡವಾಗಿ ಬಂದ ಆ ಕಬ್ಬಿಣ ಅನಿಲದಲ್ಲಿ ಬೆರೆಯುವ ಮೊದಲೇ ರೂಪುಗೊಂಡಿರುತ್ತದೆ. ಮೇ ಕೊನೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ ಕಲಬುರಗಿಯಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಕಾಣುವ ಕಿತ್ತಳೆ ಬಣ್ಣದ ಸ್ವಾತಿಯನ್ನು ತಪ್ಪದೆ ನೋಡಿ. ಅದರಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಮೂರನೇ ಒಂದು ಭಾಗದಷ್ಟಿದೆ, ಆದರೆ ಕಬ್ಬಿಣಕ್ಕೆ ಮೆಗ್ನೀಸಿಯಂನ ಅನುಪಾತ ಸೂರ್ಯನದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು.

ಒಂದು ನಕ್ಷತ್ರದಿಂದ ಇತಿಹಾಸವಾಗುವುದಿಲ್ಲ, ಸಮೀಕ್ಷೆಗಳು ಬೇಕಾಗುವುದು ಅದಕ್ಕೇ. 2013ರಲ್ಲಿ ಹಾರಿದ ಯುರೋಪಿನ ಗಾಯಾ ನೌಕೆ ಸುಮಾರು 180 ಕೋಟಿ ನಕ್ಷತ್ರಗಳ ಸ್ಥಾನ ಗುರುತಿಸಿತು, ಅವುಗಳಲ್ಲಿ ಹೆಚ್ಚಿನವುಗಳ ದೂರ ಮತ್ತು ಚಲನೆಯನ್ನೂ ಅಳೆಯಿತು. ಅಪೋಜಿ ಸಮೀಕ್ಷೆ ಆರು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ರೋಹಿತ ಪಡೆಯಿತು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದಾಗ, 2018ರಲ್ಲಿ, ಸೂರ್ಯನ ಸುತ್ತಮುತ್ತಲೇ ಒಂದು ಪರಕೀಯ ಗುಂಪು ಸ್ಪಷ್ಟವಾಯಿತು: ಆಕಾಶಗಂಗೆಯ ಹೆಚ್ಚಿನ ನಕ್ಷತ್ರಗಳಿರುವ ಚಪ್ಪಟೆ ತಟ್ಟೆಯೊಂದಿಗೆ ಸುತ್ತುವ ಬದಲು ಕೇಂದ್ರದತ್ತ ನುಗ್ಗಿ ಮತ್ತೆ ದೂರ ಸಾಗುವ, ಅಷ್ಟೇ ಕಬ್ಬಿಣವಿರುವ ತಟ್ಟೆಯ ನಕ್ಷತ್ರಗಳಿಗಿಂತ ಮೆಗ್ನೀಸಿಯಂ ಕಡಿಮೆ ಇರುವ ನಕ್ಷತ್ರಗಳು. ನಿಧಾನವಾಗಿ ನಕ್ಷತ್ರ ಹುಟ್ಟಿಸುವ ಸಣ್ಣ ಗೆಲಾಕ್ಸಿಯ ಲಕ್ಷಣವಿದು. ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ನಮ್ಮ ಗೆಲಾಕ್ಸಿಯಾದ ಆಕಾಶಗಂಗೆಯಲ್ಲಿ ವಿಲೀನವಾದ ಆ ಗೆಲಾಕ್ಸಿಗೆ ಗಾಯಾ-ಎನ್ಸೆಲಾಡಸ್ ಎಂಬ ಹೆಸರಿದೆ.

ಧಾತುಗಳು ಹೇಳುವುದು ಕ್ರಮವನ್ನು, ವರ್ಷಗಳನ್ನಲ್ಲ. ವಯಸ್ಸು ತಿಳಿಯಲು ಉಪದೈತ್ಯ ನಕ್ಷತ್ರಗಳನ್ನು (ಒಡಲಿನ ಹೈಡ್ರೋಜನ್ ಮುಗಿದು ಉಬ್ಬಿ ದೈತ್ಯವಾಗಲು ಹೊರಟವುಗಳನ್ನು) ಆರಿಸುತ್ತಾರೆ, ಏಕೆಂದರೆ ಆ ಅಲ್ಪಕಾಲದ ಹಂತದಲ್ಲಿ ಅವುಗಳ ಪ್ರಕಾಶವೇ ವಯಸ್ಸನ್ನು ತಿಳಿಸುತ್ತದೆ. ಚೀನಾದ ಲ್ಯಾಮೋಸ್ಟ್ ದೂರದರ್ಶಕ ನೋಡಿದ ಸುಮಾರು 2.5 ಲಕ್ಷ ಉಪದೈತ್ಯಗಳ ಮೇಲಿನ 2022ರ ಅಧ್ಯಯನವು, ನಮ್ಮ ಗೆಲಾಕ್ಸಿಯ ದಪ್ಪ ತಟ್ಟೆ (ತಟ್ಟೆಯ ಹಳೆಯ, ಹೆಚ್ಚು ದಪ್ಪನಾದ ಭಾಗ) ರೂಪುಗೊಳ್ಳಲು ಆರಂಭಿಸಿದ್ದು ಸುಮಾರು 1,300 ಕೋಟಿ ವರ್ಷಗಳ ಹಿಂದೆ, ಆ ವಿಲೀನಕ್ಕಿಂತ ಬಹಳ ಮೊದಲೇ ಎಂದು ತೋರಿಸಿತು.